ಗೊತ್ತಿಲ್ಲದ ನಂಬರ್‌ನಿಂದ ಕರೆ: ಎತ್ತಬೇಕೋ, ಬಿಡಬೇಕೋ?

ಗೊತ್ತಿಲ್ಲದ ನಂಬರ್‌ನ ಕರೆ ಎತ್ತಿದ ಮಾತ್ರಕ್ಕೆ ಖಾತೆ ಖಾಲಿಯಾಗುವುದಿಲ್ಲ. ಹಣ ಹೋಗುವುದು ಎತ್ತಿದ ಮೇಲೆ ಒಟಿಪಿ ಓದಿ ಹೇಳಿದಾಗ, ಕಳಿಸಿದ ಲಿಂಕ್ ಒತ್ತಿದಾಗ, ಯುಪಿಐ ಪಿನ್ ಹಾಕಿದಾಗ, ಅವರು ಹೇಳಿದ ಆ್ಯಪ್ ಇಳಿಸಿಕೊಂಡಾಗ. ಇದು ತಿಳಿಯದೆ ಜನ ಎರಡು ರೀತಿ ಎಡವುತ್ತಾರೆ. ಕೆಲವರು ಹೆದರಿ ಯಾವ ಹೊಸ ನಂಬರನ್ನೂ ಎತ್ತುವುದಿಲ್ಲ. ಮಗುವಿಗೆ ಜ್ವರ ಬಂದಿದೆ ಎಂದು ಶಾಲೆಯ ಆಯಾ ತನ್ನ ಮೊಬೈಲ್‌ನಿಂದ ಮಾಡಿದ ಕರೆ, ಆಸ್ಪತ್ರೆಯ ವಾರ್ಡ್‌ನಿಂದ ಬಂದ ಕರೆ ಎಲ್ಲವೂ ತಪ್ಪಿ ಹೋಗುತ್ತವೆ. ಇನ್ನು ಕೆಲವರು ಎತ್ತುತ್ತಾರೆ, ಅನುಮಾನವನ್ನೂ ಪಡುತ್ತಾರೆ, ಆದರೆ ನಿಜವೋ ಸುಳ್ಳೋ ನೋಡಲು ವಂಚಕ ಕೊಟ್ಟ ನಂಬರಿಗೇ ತಿರುಗಿ ಫೋನ್ ಮಾಡುತ್ತಾರೆ. ಹೆಚ್ಚು ಹಾನಿಯಾಗುವುದು ಈ ಎರಡನೆಯವರಿಗೆ. ಹಾಗಾಗಿ ತಿರುಗಿ ಕರೆ ಮಾಡುವ ಹಂತವನ್ನು ಕೆಳಗೆ ಬಿಡಿಸಿ ಬರೆದಿದೆ, ಉಳಿದವು ಚಿಕ್ಕವು.

1. ಮೊದಲೇ ಮಾಡಿಡುವ ಕೆಲಸ

ಸೇವ್ ಮಾಡಿಕೊಳ್ಳದ ಪರಿಚಿತರ ನಂಬರೂ ಪರದೆಯ ಮೇಲೆ ಅಪರಿಚಿತವೇ. ಶಾಲೆಯ ಕಚೇರಿ, ಕ್ಲಾಸ್ ಟೀಚರ್, ಸ್ಕೂಲ್ ವ್ಯಾನ್ ಡ್ರೈವರ್, ಗ್ಯಾಸ್ ಏಜೆನ್ಸಿ, ಬ್ಯಾಂಕಿನ ಶಾಖೆ, ಮನೆಯ ಹಿರಿಯರು ತೋರಿಸಿಕೊಳ್ಳುವ ಆಸ್ಪತ್ರೆ, ಊರಿನಲ್ಲಿ ಅಪ್ಪ-ಅಮ್ಮನ ಪಕ್ಕದ ಮನೆಯವರು: ಇವರ ನಂಬರ್‌ಗಳನ್ನು ಒಂದು ಸಂಜೆ ಕುಳಿತು ಸೇವ್ ಮಾಡಿ. ಮಗ ದುಬೈನಲ್ಲೋ ಅಮೆರಿಕದಲ್ಲೋ ಇದ್ದರೆ ಅವನ ನಂಬರನ್ನು +971, +1 ಎಂಬ ದೇಶದ ಕೋಡ್ ಸಮೇತ ಉಳಿಸಿ.

ಮಾರಾಟದ ಕರೆಗಳನ್ನು ತಗ್ಗಿಸಲು 1909ಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಸ್ಟಾರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು, 0 ಸೇರಿಸಿ ಎಸ್‌ಎಂಎಸ್ ಕಳಿಸಿ. ನಿಮ್ಮ ನಂಬರ್ ಡಿಎನ್‌ಡಿ ಎಂಬ, ಜಾಹೀರಾತು ಕರೆ ಬೇಡವೆನ್ನುವವರ ಪಟ್ಟಿಗೆ ಸೇರುತ್ತದೆ. ಇದು ಉಚಿತ. ಡಿಎನ್‌ಡಿ ಮಾಡಿಸಿಕೊಡುತ್ತೇವೆಂದು ದುಡ್ಡು ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನೋಂದಣಿಯಾದ ಕಂಪನಿಗಳ ಜಾಹೀರಾತು ಕರೆಗಳು ಇದರಿಂದ ಕಡಿಮೆಯಾಗುತ್ತವೆ. ವಂಚಕರು ಈ ಪಟ್ಟಿಯನ್ನು ನೋಡುವುದೇ ಇಲ್ಲವಾದ್ದರಿಂದ ಅವರ ಕರೆ ಇದರಿಂದ ನಿಲ್ಲದು.

ವಾಟ್ಸ್‌ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ, ಕಾಲ್ಸ್ ಒಳಗೆ ಹೋಗಿ ಅಪರಿಚಿತ ಕರೆಗಳನ್ನು ಸೈಲೆನ್ಸ್ ಮಾಡುವ ಗುಂಡಿ ಒತ್ತಿ. ಇದನ್ನು ಎಲ್ಲರೂ ಮಾಡಲೇಬೇಕು. ಮಾಮೂಲಿ ಕರೆಗಳಿಗೂ ಇಂಥ ಸೌಲಭ್ಯವಿರುವ ಫೋನ್‌ಗಳುಂಟು. ಆದರೆ ಶಾಲೆಗೆ ಹೋಗುವ ಮಕ್ಕಳು, ಒಂಟಿಯಾಗಿರುವ ವೃದ್ಧರು ಇರುವ ಮನೆಯವರು ಅದನ್ನು ಹಾಕಿಕೊಳ್ಳಬಾರದು. ಅವರಿಗೆ ರಿಂಗ್‌ಟೋನ್ ಬೇರೆ ಮಾಡುವುದೇ ಒಳ್ಳೆಯ ದಾರಿ: ಫೋನಿನ ಸಾಮಾನ್ಯ ರಿಂಗ್‌ಟೋನ್ ಮೆಲ್ಲಗಿರಲಿ, ಮನೆಯವರಿಗೂ ಶಾಲೆಗೂ ಜೋರಾದದ್ದನ್ನು ಕಾಂಟ್ಯಾಕ್ಟ್‌ನಲ್ಲೇ ಬೇರೆಯಾಗಿ ಇಡಿ. ಸ್ನಾನದ ಮನೆಯಿಂದ ಓಡಿ ಬರಬೇಕೋ ಬೇಡವೋ ಎಂಬುದು ಕಿವಿಗೇ ತಿಳಿಯುತ್ತದೆ. ರಾತ್ರಿ ಡು ನಾಟ್ ಡಿಸ್ಟರ್ಬ್ ಹಾಕುವವರು ಅದರೊಳಗಿನ ರಿಪೀಟ್ ಕಾಲರ್ಸ್ ಆನ್ ಇದೆಯೇ ನೋಡಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಒಬ್ಬರೇ 15 ನಿಮಿಷದೊಳಗೆ ಎರಡನೇ ಸಲ ಮಾಡಿದರೆ, ಐಫೋನ್‌ನಲ್ಲಿ 3 ನಿಮಿಷದೊಳಗೆ ಮಾಡಿದರೆ ಫೋನ್ ಸದ್ದು ಮಾಡುತ್ತದೆ.

2. ನಂಬರ್ ಓದುವುದು

140ರಿಂದ ಶುರುವಾಗುವುದು ಜಾಹೀರಾತು. ಬಿಟ್ಟುಬಿಡಿ. 1600ರಿಂದ ಶುರುವಾದರೆ ಬ್ಯಾಂಕ್, ವಿಮೆಯಂಥ ಸಂಸ್ಥೆಗಳ ಸೇವಾ ಕರೆ. ಸೇವೆ, ವಹಿವಾಟಿನ ಕರೆಗಳನ್ನು ಈ ಸರಣಿಯಿಂದಲೇ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಅದನ್ನು ಎತ್ತಬಹುದು, ಆದರೆ ಒಟಿಪಿ ಹೇಳಲು ಅದೂ ಕಾರಣವಾಗದು.

ಹೆಚ್ಚು ಜನ ತಪ್ಪಾಗಿ ಓದುವುದು +91 80 ಎಂದು ಕಾಣುವ ನಂಬರನ್ನು. ಬೆಂಗಳೂರಿನ 080ರ ಸೊನ್ನೆ ಬಿದ್ದುಹೋಗಿ +91 ಸೇರಿದಾಗ ಅದು ಮೊಬೈಲ್ ನಂಬರಿನಂತೆಯೇ ಹತ್ತು ಅಂಕಿಯಾಗಿ ಕಾಣುತ್ತದೆ. 80ರ ನಂತರ 2 ಅಥವಾ 4 ಇದ್ದರೆ ಅದು ಬೆಂಗಳೂರಿನ ಸ್ಥಿರ ದೂರವಾಣಿ. ಮೈಸೂರು 821, ಮಂಗಳೂರು 824, ಹುಬ್ಬಳ್ಳಿ 836, ಬೆಳಗಾವಿ 831 ಎಂದು ಕಾಣುವುದೂ ಹೀಗೆಯೇ. ಆಸ್ಪತ್ರೆ, ಕಾಲೇಜು, ಕಚೇರಿಗಳ ಕರೆ ಹೀಗೆ ಬರುತ್ತದೆ. ಪಾರ್ಸೆಲ್ ತರುವವರು, ಕ್ಯಾಬ್ ಚಾಲಕರು ಕಂಪನಿಯ ಆ್ಯಪ್ ಮೂಲಕ ಕರೆ ಮಾಡಿದಾಗಲೂ ಅವರ ಸ್ವಂತ ನಂಬರ್ ಮುಚ್ಚಿಟ್ಟು ಇಂಥದೇ ಒಂದು ನಂಬರ್ ಕಾಣಿಸುವುದುಂಟು.

+92, +84, +62, +251 ಇತ್ಯಾದಿ ಹೊರದೇಶದ ಕೋಡ್‌ನಿಂದ, ಅದರಲ್ಲೂ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಎತ್ತಬೇಡಿ. ಒಂದೇ ರಿಂಗ್ ಆಗಿ ನಿಂತ ಹೊರದೇಶದ ಮಿಸ್ಡ್ ಕಾಲ್‌ಗೆ ತಿರುಗಿ ಮಾಡಿದರೆ ಐಎಸ್‌ಡಿ ದರ ನಿಮ್ಮ ತಲೆಗೇ ಬರುತ್ತದೆ.

ನಂಬರ್ ಓದುವುದರ ಮಿತಿಯೂ ತಿಳಿದಿರಲಿ. ಹೊರದೇಶದಿಂದ ಬಂದು ಭಾರತದ ನಂಬರ್‌ನಂತೆ ವೇಷ ಹಾಕುವ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿತು. ಆದರೆ ನಮ್ಮ ದೇಶದೊಳಗೇ ಸಿಮ್ ಬಾಕ್ಸ್ (ಹಲವು ಸಿಮ್ ಹಾಕಿಡುವ ಯಂತ್ರ) ಇಟ್ಟು, ಹೊರಗಿನ ಕರೆಯನ್ನು ಇಲ್ಲಿನ ಸಿಮ್‌ನಿಂದ ಹೊರಡಿಸುವವರಿದ್ದಾರೆ. ಅಂದರೆ 9ರಿಂದ ಶುರುವಾಗುವ ಹತ್ತಂಕಿಯ ನಂಬರ್ ಇದ್ದ ಮಾತ್ರಕ್ಕೆ ಮಾತಾಡುವವನು ಇಲ್ಲಿಯವನೇ ಆಗಬೇಕಿಲ್ಲ. ಟ್ರೂಕಾಲರ್‌ನಂಥ ಆ್ಯಪ್‌ನಲ್ಲಿ ಕಾಣುವ ಹೆಸರು ಬಹುಪಾಲು ಬಳಕೆದಾರರು ಕೊಟ್ಟದ್ದು. ‘ಬ್ಯಾಂಕ್ ಮ್ಯಾನೇಜರ್’ ಎಂದು ತಾನೇ ಹಾಕಿಕೊಂಡವನೂ ಹಾಗೆಯೇ ಕಾಣುತ್ತಾನೆ. ಹತ್ತಾರು ಜನ ಸ್ಪ್ಯಾಮ್ ಎಂದು ಗುರುತಿಸಿದ್ದರೆ ನಂಬಿ. ಒಳ್ಳೆಯ ಹೆಸರು ಕಂಡರೆ ನಂಬಬೇಡಿ. ಯಾವುದೇ ನಂಬರಿನ ಮಾಲೀಕ, ವಿಳಾಸ, ಇರುವ ಜಾಗ ತೋರಿಸುತ್ತೇವೆ ಎನ್ನುವ ಆ್ಯಪ್‌ಗಳ ಕಡೆ ತಲೆ ಹಾಕಲೇಬೇಡಿ. ಅವು ನಿಮ್ಮ ಕಾಂಟ್ಯಾಕ್ಟ್, ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತವೆ, ಒಟಿಪಿ ಬರುವುದೂ ಅಲ್ಲಿಗೇ.

3. ಎತ್ತುವುದೋ ಬಿಡುವುದೋ

ಈ ದಿನ ಯಾರದ್ದಾದರೂ ಕರೆ ಬರಬೇಕಿದೆಯೇ ಎಂದು ಕೇಳಿಕೊಳ್ಳಿ. ಪಾರ್ಸೆಲ್ ಬರಬೇಕಿದ್ದರೆ, ಕೆಲಸಕ್ಕೆ ಅರ್ಜಿ ಹಾಕಿದ್ದರೆ, ಮನೆಯವರು ಆಸ್ಪತ್ರೆಯಲ್ಲಿದ್ದರೆ, ಮಕ್ಕಳು ಪ್ರವಾಸ ಹೋಗಿದ್ದರೆ, ಎತ್ತಿ. ಏನೂ ಇಲ್ಲದಿದ್ದರೆ ಬಿಡಿ. ನಿಜವಾದ ಕೆಲಸವಿದ್ದವರು ಇನ್ನೊಮ್ಮೆ ಮಾಡುತ್ತಾರೆ. ಒಂದೇ ನಂಬರಿನಿಂದ ಎರಡನೇ ಸಲ ಬಂದರೆ ಎತ್ತಿ. ಮೀಟಿಂಗ್‌ನಲ್ಲಿದ್ದರೆ ‘ಯಾರು? ವಿಷಯ ಮೆಸೇಜ್ ಮಾಡಿ’ ಎಂದು ಕಳಿಸಿದರೆ ಸಾಕು.

4. ಎತ್ತಿದ ಮೇಲಿನ ಅರ್ಧ ನಿಮಿಷ

ಎತ್ತಿದೊಡನೆ ‘ಹಲೋ’ ಅನ್ನದೆ ಎರಡು-ಮೂರು ಸೆಕೆಂಡ್ ಸುಮ್ಮನಿರಿ. ಕಂಪ್ಯೂಟರ್‌ನಿಂದ ಸಾಲಾಗಿ ಡಯಲ್ ಆಗುವ ಕರೆಗಳಲ್ಲಿ ಆ ಕಡೆ ಒಂದು ಕ್ಷಣ ನಿಶ್ಶಬ್ದವಿದ್ದು, ಆಮೇಲೆ ಗದ್ದಲದ ನಡುವೆ ಒಬ್ಬರ ದನಿ ಬರುತ್ತದೆ. ಮನುಷ್ಯರೇ ಕೈಯಾರೆ ಮಾಡಿದ್ದರೆ ಅವರೇ ಮೊದಲು ಮಾತಾಡುತ್ತಾರೆ.

ನಿಮ್ಮ ಹೆಸರು ನೀವಾಗಿ ಹೇಳಬೇಡಿ. ‘ಇಂಥವರಾ?’ ಎಂದು ಕೇಳಿದರೆ ‘ತಾವು ಯಾರು, ಎಲ್ಲಿಂದ ಮಾತಾಡ್ತಿದ್ದೀರಿ, ಏನು ವಿಷಯ?’ ಎಂದು ಕೇಳಿ. ನಿಮ್ಮ ಹೆಸರು, ವಿಳಾಸ, ಆಧಾರ್‌ನ ಕೊನೆಯ ನಾಲ್ಕಂಕಿ, ಗಾಡಿ ನಂಬರ್ ಅವರಿಗೆ ಗೊತ್ತಿದೆ ಎಂಬುದು ಸಾಕ್ಷಿಯಲ್ಲ. ಅಂಥ ಪಟ್ಟಿಗಳು ಸೋರಿಕೆಯಾಗಿ ಮಾರಾಟವಾಗುತ್ತವೆ. ಅಚ್ಚ ಕನ್ನಡದಲ್ಲಿ, ‘ಅಣ್ಣಾ’, ‘ಅಕ್ಕಾ’ ಎಂದು ಮಾತಾಡಿದರು ಎಂಬುದೂ ಸಾಕ್ಷಿಯಲ್ಲ. ಹಿಂದಿಯಲ್ಲಿ ಮಾತಾಡಿದವರೇ ಮೋಸಗಾರರು ಎಂದು ನಂಬಿ ಕೂತವರು ಇಲ್ಲಿಯೇ ಸೋಲುತ್ತಾರೆ.

ಕೆಳಗಿನದರಲ್ಲಿ ಯಾವುದೊಂದು ಕೇಳಿಸಿದರೂ ಫೋನ್ ಇಡಿ, ಕಾರಣ ಕೊಡಬೇಕಿಲ್ಲ. ಎರಡು ಗಂಟೆಯಲ್ಲಿ ನಿಮ್ಮ ನಂಬರ್ ಬಂದ್, 9 ಒತ್ತಿ (ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ಇಂಥ ಕರೆ ಮಾಡುವುದಿಲ್ಲ). ಇವತ್ತು ರಾತ್ರಿ ಕರೆಂಟ್ ಕಟ್. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್. ಹಣ ಬರಬೇಕಾದರೆ ಪಿನ್ ಹಾಕಿ (ಯುಪಿಐ ಪಿನ್ ಹಾಕುವುದು ಹಣ ಕಳಿಸುವಾಗ ಹೊರತು ಪಡೆಯುವಾಗಲ್ಲ). ಸ್ಟಾರ್ ಅಥವಾ ಹ್ಯಾಶ್ ಇರುವ ಕೋಡ್ ಡಯಲ್ ಮಾಡಿ (ನಿಮಗೆ ಬರುವ ಕರೆಗಳೆಲ್ಲ ಅವರ ನಂಬರಿಗೆ ತಿರುಗುತ್ತವೆ). ಎನಿಡೆಸ್ಕ್, ಟೀಮ್‌ವ್ಯೂವರ್ ಹಾಕಿಕೊಳ್ಳಿ: ಆ ಆ್ಯಪ್‌ಗಳು ಕೆಟ್ಟವಲ್ಲ, ಆದರೆ ಅಪರಿಚಿತರಿಗೆ ನಿಮ್ಮ ಪರದೆಯನ್ನೇ ಕೊಟ್ಟಂತಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಇಳಿಸುವ ಫೈಲ್) ಬಂದರೂ ಅಷ್ಟೇ, ಅದಕ್ಕೆ ಪಿಎಂ ಕಿಸಾನ್ ಅಂತಲೋ ಆರ್‌ಟಿಒ ಚಲನ್ ಅಂತಲೋ ಹೆಸರಿರಲಿ.

ಹೊಸದೊಂದು ಬಗೆ ಕಾಲ್ ಮರ್ಜ್, ಅಂದರೆ ಎರಡು ಕರೆಗಳನ್ನು ಒಂದಾಗಿಸುವುದು. ‘ನಿಮ್ಮ ಸ್ನೇಹಿತರೇ ನಂಬರ್ ಕೊಟ್ಟರು, ಅವರು ಇನ್ನೊಂದು ಲೈನ್‌ನಲ್ಲಿದ್ದಾರೆ, ಮರ್ಜ್ ಮಾಡಿ’ ಅನ್ನುತ್ತಾರೆ. ಆ ಇನ್ನೊಂದು ಲೈನ್ ನಿಮ್ಮ ಬ್ಯಾಂಕ್ ಒಟಿಪಿಯನ್ನು ದನಿಯಲ್ಲಿ ಓದಿ ಹೇಳುವ ಕರೆ. ಮರ್ಜ್ ಆದೊಡನೆ ಅವರೂ ಕೇಳಿಸಿಕೊಳ್ಳುತ್ತಾರೆ, ನೀವು ಬಾಯಿ ಬಿಡುವ ಅಗತ್ಯವೂ ಇಲ್ಲ.

‘ಒಟಿಪಿ ಯಾರಿಗೂ ಕೊಡಬೇಡಿ’ ಎಂದು ಹಿರಿಯರಿಗೆ ಹೇಳಿ ಬಿಡುವುದು ಸಾಲದು. ಕ್ಯಾಬ್ ಹತ್ತುವಾಗ, ಗ್ಯಾಸ್ ಸಿಲಿಂಡರ್ ಬಂದಾಗ, ಪಾರ್ಸೆಲ್ ಪಡೆಯುವಾಗ ಅವರು ದಿನವೂ ಒಂದು ಕೋಡ್ ಕೊಡುತ್ತಲೇ ಇರುತ್ತಾರೆ, ಆ ಮಾತು ಅವರ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಹೀಗೆ ಹೇಳಿ: ಸಿಲಿಂಡರ್ ಬಾಗಿಲಲ್ಲಿ ಇಳಿದ ಮೇಲೆ, ಪಾರ್ಸೆಲ್ ಕಣ್ಣಿಗೆ ಕಂಡ ಮೇಲೆ, ಎದುರಿಗೆ ನಿಂತವರಿಗೆ ಕೋಡ್ ಹೇಳಬಹುದು. ಫೋನಿನಲ್ಲಿ ಯಾವ ಕೋಡನ್ನೂ ಹೇಳಬಾರದು. ಹೇಳುವ ಮೊದಲು ಮೆಸೇಜ್ ಪೂರ್ತಿ ಓದಬೇಕು, ಯಾತಕ್ಕೆ ಎಂದು ಅದರಲ್ಲೇ ಬರೆದಿರುತ್ತದೆ.

5. ತಿರುಗಿ ಕರೆ ಮಾಡಿ ಖಚಿತಪಡಿಸಿಕೊಳ್ಳುವುದು

ಮಾತು ನಿಜವಿದ್ದರೂ ಇರಬಹುದು ಅನ್ನಿಸಿದಾಗ ಮಾಡಬೇಕಾದದ್ದು ಇದು. ಹೆಸರು, ಸಂಸ್ಥೆ, ವಿಷಯ, ದೂರಿನ ಅಥವಾ ಬಿಲ್ಲಿನ ಸಂಖ್ಯೆ ಬರೆದುಕೊಳ್ಳಿ. ‘ನಾನೇ ವಿಚಾರಿಸಿ ಫೋನ್ ಮಾಡ್ತೀನಿ’ ಎಂದು ಹೇಳಿ ಇಡಿ. ‘ಲೈನ್‌ನಲ್ಲೇ ಇರಿ, ಇಟ್ಟರೆ ಪ್ರಕ್ರಿಯೆ ರದ್ದಾಗುತ್ತದೆ’ ಎಂದರೆ ಅದು ವಂಚನೆ; ಯಾವ ಬ್ಯಾಂಕಿನ ಕೆಲಸವೂ ನೀವು ಫೋನ್ ಇಟ್ಟರೆ ನಿಂತುಹೋಗುವುದಿಲ್ಲ. ನಿಮ್ಮನ್ನು ಲೈನಿನಲ್ಲೇ ಹಿಡಿದಿಡುವುದು, ನೀವು ಪಕ್ಕದವರನ್ನು ಕೇಳದಂತೆ ನೋಡಿಕೊಳ್ಳುವುದೇ ಅವರ ಕಸುಬು.

ಈಗ ನಂಬರ್ ಎಲ್ಲಿಂದ ತೆಗೆಯಬೇಕು? ಬ್ಯಾಂಕಿನದು ಡೆಬಿಟ್ ಕಾರ್ಡ್‌ನ ಹಿಂಬದಿಯಲ್ಲಿದೆ, ಪಾಸ್‌ಬುಕ್‌ನಲ್ಲಿ ಶಾಖೆಯ ವಿವರವಿದೆ. ವಿದ್ಯುತ್ತಿನದು ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಎಲ್ಲಕ್ಕೂ 1912. ಶಾಲೆಯದು ಡೈರಿಯಲ್ಲಿ, ಆಸ್ಪತ್ರೆಯದು ಚೀಟಿಯ ತಲೆಯಲ್ಲಿ. ಅಂದರೆ ಈ ಕರೆ ಬರುವ ಮೊದಲೇ ನಿಮ್ಮ ಮನೆಯಲ್ಲಿದ್ದ ಕಾಗದದಿಂದ ತೆಗೆಯಬೇಕು. ಕರೆ ಮಾಡಿದವರು ಹೇಳಿದ ನಂಬರ್, ಅವರು ಕಳಿಸಿದ ಎಸ್‌ಎಂಎಸ್‌ನಲ್ಲಿರುವ ನಂಬರ್, ಅದೇ ನಂಬರಿಗೆ ರೀಡಯಲ್: ಮೂರೂ ಬೇಡ.

ಗೂಗಲ್‌ನಲ್ಲಿ ಕಸ್ಟಮರ್ ಕೇರ್ ಎಂದು ಹುಡುಕುವುದಂತೂ ಬೇಡವೇ ಬೇಡ. ಅವಸರದಲ್ಲಿರುವ ಜನ ಮೊದಲು ಕಂಡದ್ದನ್ನು ಒತ್ತುತ್ತಾರೆ ಎಂದು ಗೊತ್ತಿರುವವರೇ ಅಲ್ಲಿ ನಕಲಿ ನಂಬರ್ ತುಂಬಿಸುತ್ತಾರೆ. ಮ್ಯಾಪ್‌ನಲ್ಲಿ ಶಾಖೆಯ ಹೆಸರಿನಡಿ ಕಾಣುವ ಫೋನ್ ನಂಬರನ್ನು ಬದಲಿಸುವಂತೆ ಯಾರು ಬೇಕಾದರೂ ಸೂಚಿಸಬಹುದು. ಕಾರ್ಡ್ ಕಳೆದು, ವೆಬ್‌ಸೈಟೇ ಗತಿ ಎಂದಾದರೆ ವಿಳಾಸವನ್ನು ನೀವೇ ಟೈಪ್ ಮಾಡಿ. ಭಾರತದ ಬ್ಯಾಂಕುಗಳ ವಿಳಾಸ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಮುಗಿಯಬೇಕು. 2025ರ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗುವಂತೆ ರಿಸರ್ವ್ ಬ್ಯಾಂಕ್ ಸೂಚಿಸಿತ್ತು.

ಅಷ್ಟರಲ್ಲೇ ಏನಾದರೂ ಆ್ಯಪ್ ಇಳಿಸಿದ್ದರೆ, ಕೋಡ್ ಡಯಲ್ ಮಾಡಿದ್ದರೆ, ಆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ ಮನೆಯ ಬೇರೊಬ್ಬರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ.

ಪೊಲೀಸ್, ಸಿಬಿಐ, ಇ.ಡಿ. ಎಂದು ಹೇಳಿದರೆ ಠಾಣೆಯ ಹೆಸರು ಕೇಳಿ, ಇಟ್ಟು, ನಿಮ್ಮ ಊರಿನ ಠಾಣೆಗೆ ಹೋಗಿ, ಹೋಗಲಾಗದಿದ್ದರೆ 112. ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆ ಎನ್ನುವ ಡಿಜಿಟಲ್ ಅರೆಸ್ಟ್ ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಅಪರಾಧ ಪ್ರಕ್ರಿಯೆಯ ಕಾನೂನಾದ ಬಿಎನ್‌ಎಸ್‌ಎಸ್ ಕಲಂ 35ರಡಿ ಹಾಜರಾಗಲು ಕೊಡುವ ನೋಟಿಸನ್ನು ಪೊಲೀಸರು ವಾಟ್ಸ್‌ಆ್ಯಪ್‌ನಲ್ಲಿ ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲೇ ಹೇಳಿದೆ. ವಿಡಿಯೊದಲ್ಲಿ ಖಾಕಿ, ಹಿಂದೆ ಗಾಂಧಿ ಚಿತ್ರ, ಸೀಲು ಹಾಕಿದ ಪತ್ರ ಕಂಡರೂ ಕ್ಯಾಮೆರಾ ಮುಂದೆ ಕೂರಬೇಡಿ.

ಮಕ್ಕಳ ದನಿಯಲ್ಲೇ ‘ಅಮ್ಮಾ, ಆಕ್ಸಿಡೆಂಟ್ ಆಗಿದೆ, ಬೇರೆಯವರ ಫೋನು, ದುಡ್ಡು ಹಾಕು’ ಎಂದು ಬಂದರೆ ಗಟ್ಟಿ ಮನಸ್ಸು ಬೇಕು. ದನಿಯನ್ನು ಕಂಪ್ಯೂಟರ್‌ನಲ್ಲಿ ನಕಲು ಮಾಡುವುದು ಈಗ ಕಷ್ಟವಲ್ಲ. ಇಟ್ಟು ಅವರ ಹಳೆಯ ನಂಬರಿಗೆ ಮಾಡಿ, ಸಿಗದಿದ್ದರೆ ರೂಮ್‌ಮೇಟ್‌ಗೆ, ಆಫೀಸಿಗೆ. ಮನೆಯವರಿಗಷ್ಟೇ ಗೊತ್ತಿರುವ ಒಂದು ಪದವನ್ನು ಇವತ್ತೇ ಗೊತ್ತುಮಾಡಿಕೊಳ್ಳಿ. ಹುಟ್ಟಿದ ದಿನ, ನಾಯಿಯ ಹೆಸರು ಬೇಡ, ಅವು ಫೇಸ್‌ಬುಕ್‌ನಲ್ಲಿ ಸಿಗುತ್ತವೆ.

6. ದೂರು

ಬರೀ ಕಿರಿಕಿರಿಯ ಮಾರಾಟದ ಕರೆಯಾದರೆ ಏಳು ದಿನದೊಳಗೆ 1909ಕ್ಕೆ ಅಥವಾ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ನಂಬರ್, ದಿನಾಂಕ ಕೊಟ್ಟು ದೂರಿ. ವಂಚನೆಯ ಪ್ರಯತ್ನವಾಗಿದ್ದು ಹಣ ಹೋಗಿರದಿದ್ದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ಚಕ್ಷು ವಿಭಾಗದಲ್ಲಿ ತಿಳಿಸಿ. ಬ್ಲಾಕ್ ಮಾಡುವುದನ್ನಷ್ಟೇ ನಂಬಬೇಡಿ, ನಾಳೆ ಬೇರೆ ನಂಬರ್ ಬರುತ್ತದೆ.

ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಚಿಕೆಪಟ್ಟು ಬೆಳಗಾಗಲಿ ಎಂದು ಕಾಯುವಷ್ಟರಲ್ಲಿ ಹಣ ನಾಲ್ಕಾರು ಖಾತೆ ದಾಟಿರುತ್ತದೆ, ತಡೆಹಿಡಿಯಲು ಏನೂ ಉಳಿಯುವುದಿಲ್ಲ. ಬ್ಯಾಂಕಿಗೂ ಆಗಲೇ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ: ಒಟಿಪಿ ನೀವೇ ಹೇಳಿದ್ದರೂ, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕ್ 2017ರ ಸುತ್ತೋಲೆಯಲ್ಲಿ ಹೇಳಿತ್ತು. 1930ಕ್ಕೆ ಕರೆ ಮಾಡುವಾಗ ನಿಮ್ಮ ಖಾತೆ ಸಂಖ್ಯೆ, ಹೋದ ಮೊತ್ತ, ಸಮಯ, ಯುಪಿಐ ಆಗಿದ್ದರೆ ಆ ವಹಿವಾಟಿನ 12 ಅಂಕಿಯ ಸಂಖ್ಯೆ, ಕರೆ ಬಂದ ನಂಬರ್ ಇವನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗೆ ಇಟ್ಟುಕೊಳ್ಳಿ. ಕಾಲ್ ಲಾಗ್ ಮತ್ತು ಮೆಸೇಜ್‌ಗಳ ಸ್ಕ್ರೀನ್‌ಶಾಟ್ ತೆಗೆದ ಮೇಲಷ್ಟೇ ಫೋನಿನಿಂದ ಏನನ್ನಾದರೂ ಅಳಿಸಿ.