ಕೆಂಪು ಪಾಚಿಗೆ ಹೊಸ ಹೆಸರಿಡುವ ಮೊದಲು

ಕೆಂಪು ಪಾಚಿಗಳ ವರ್ಗೀಕರಣಕ್ಕೆ ಕೈಹಾಕುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಸಿಕ್ಕ ಪಾಚಿಯನ್ನು ಮೂರು ಪಾಲು ಮಾಡಿ. ಚಿವುಟಿದ ತುದಿ ಡಿಎನ್‌ಎ ಕೆಲಸಕ್ಕೆಂದು ತೇವ ಹೀರುವ ಸಿಲಿಕಾ ಜೆಲ್‌ಗೆ, ಒಂದು ಚೂರು ಸೂಕ್ಷ್ಮದರ್ಶಕದ ಕೆಲಸಕ್ಕೆಂದು ಫಾರ್ಮಾಲಿನ್‌ಗೆ, ಉಳಿದದ್ದು ಹಾಳೆಯ ಮೇಲೆ ಒತ್ತಿ ಹರ್ಬೇರಿಯಂಗೆ, ಅಂದರೆ ಒಣ ಮಾದರಿಗಳ ಸಂಗ್ರಹಕ್ಕೆ. ಮೂರಕ್ಕೂ ಒಂದೇ ಸಂಖ್ಯೆ. ಫಾರ್ಮಾಲಿನ್ ಡಿಎನ್‌ಎಯನ್ನು ಕೆಡಿಸುವುದರಿಂದ ಆ ಚೂರನ್ನು ಅನುಕ್ರಮಕ್ಕೆ (ಡಿಎನ್‌ಎ ಅಕ್ಷರಗಳ ಸಾಲು ಓದಲು) ನೆಚ್ಚಿಕೊಳ್ಳಬೇಡಿ. ಒತ್ತಿದ ಹಾಳೆಯಿಲ್ಲದ ಅನುಕ್ರಮ ಅನಾಥ; ಮುಂದೆ ಯಾರಾದರೂ ಅನುಮಾನಪಟ್ಟರೆ ತೋರಿಸಲು ಏನೂ ಉಳಿದಿರುವುದಿಲ್ಲ.

ಇನ್ನು ಶುಚಿ. ಕ್ಲೋರೋಪ್ಲಾಸ್ಟ್‌ನ ಆರ್‌ಬಿಸಿಎಲ್ ಎಂಬ ಜೀನಿನ ನನ್ನ ಮೊದಲ ಅನುಕ್ರಮ ಒಂದೂ ಕಲೆಯಿಲ್ಲದಂತೆ ಬಂದಿತ್ತು. ಹೋಲಿಸಿ ನೋಡಿದರೆ ಅದು ಪಾಚಿಯ ಮೈಗೆ ಅಂಟಿದ್ದ ಡಯಾಟಮ್ ಎಂಬ ಏಕಕೋಶ ಪಾಚಿಯದು! ಡಯಾಟಮ್‌ಗಳ ಕ್ಲೋರೋಪ್ಲಾಸ್ಟ್ ಬಂದಿರುವುದೇ ಕೆಂಪು ಪಾಚಿಯ ಮೂಲದಿಂದ. ಆದ್ದರಿಂದ ಜೀನನ್ನು ಗುರುತಿಸಿ ಹಿಡಿಯಲು ಬಳಸುವ ಡಿಎನ್‌ಎ ತುಣುಕು, ನಮ್ಮ ಪ್ರೈಮರ್, ಅದರ ಜೀನನ್ನೂ ಹಿಡಿಯಬಲ್ಲದು. ಅಂದಿನಿಂದ ಮಸೂರದಡಿ ಕಂದು ಚುಕ್ಕೆ ಕಾಣದ ಎಳೆಯ ತುದಿಯನ್ನಷ್ಟೇ ಆರಿಸುತ್ತೇನೆ.

ಡಿಎನ್‌ಎ ತೆಗೆಯುವಾಗ ಪಾಚಿಯ ಕೋಶಭಿತ್ತಿಯಲ್ಲಿರುವ ಅಗರ್, ಕ್ಯಾರಜೀನನ್‌ಗಳ ಲೋಳೆ ಕಾಡುತ್ತದೆ. ಪಿಪೆಟ್ ತುದಿ ಮೇಲೆತ್ತಿದರೆ ದ್ರಾವಣ ನೂಲಿನಂತೆ ಎಳೆಯುತ್ತ ಬಂದರೆ ಪಿಸಿಆರ್ (ಜೀನಿನ ಪ್ರತಿಗಳನ್ನು ಹೆಚ್ಚಿಸುವ ಕ್ರಿಯೆ) ಆಗುವುದು ಕಷ್ಟ. ಆಗ ಪಾಚಿ ಹೆಚ್ಚು ಹಾಕುವುದಲ್ಲ, ಕಡಿಮೆ ಮಾಡಬೇಕು. ತೆಗೆದ ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿಯೂ ನೋಡಿ.

ಪ್ರಭೇದಗಳನ್ನು ಬೇರ್ಪಡಿಸಲು ಮೈಟೋಕಾಂಡ್ರಿಯಾದ ಸಿಒಐ ಜೀನಿನ ಸುಮಾರು 660 ಬೇಸ್‌ಗಳು, ಅಂದರೆ ಡಿಎನ್‌ಎ ಅಕ್ಷರಗಳು, ಸಾಕು. ಕುಲದ ಪ್ರಶ್ನೆಗೆ ಆರ್‌ಬಿಸಿಎಲ್ ಬೇಕು, ಜೊತೆಗೆ ಕೋಶಕೇಂದ್ರದ ಒಂದು ಜೀನಾದರೂ ಇರಲಿ. ಒಂದೇ ಜೀನಿನ ವಂಶವೃಕ್ಷ ನಂಬಿ ಕುಲ ಒಡೆಯುವುದನ್ನು ನಾನು ಒಪ್ಪುವುದಿಲ್ಲ. ಕವಲಿನ ಬೂಟ್‌ಸ್ಟ್ರ್ಯಾಪ್ ಬೆಂಬಲ (ಆ ಕವಲು ಎಷ್ಟು ಗಟ್ಟಿಯೆಂದು ತೋರುವ ಅಂಕಿ) ದುರ್ಬಲವಾಗಿದ್ದರೆ ಹೆಸರು ಮುಟ್ಟದೆ ಇನ್ನಷ್ಟು ಮಾದರಿ ಸೇರಿಸಿ.

ಹೀಗೆ ಕಾದವರಿಗೆ ಫಲ ಸಿಕ್ಕಿದೆ. ಪೊರ್ಫೈರಾ ಎಂಬ ಕೆಂಪು ಪಾಚಿ ಕುಲದ ಹಾಳೆಯಂಥ ಮೈ ಒಂದೆರಡು ಕೋಶಗಳಷ್ಟೇ ದಪ್ಪ. ಕಣ್ಣಿಗೆ ಹಿಡಿಯುವ ಗುರುತುಗಳೇ ಕಡಿಮೆ. 2011ರಲ್ಲಿ ಎರಡು ಜೀನುಗಳ ಆಧಾರದಲ್ಲಿ ಆ ಕುಲವನ್ನು ಒಡೆದಾಗ ನೋರಿಗೆ (ತಿನ್ನುವ ಒಣ ಪಾಚಿಹಾಳೆಗೆ) ಬೆಳೆಸುವ ಯೆಜೊಯೆನ್ಸಿಸ್ ಪ್ರಭೇದ ಪೈರೋಪಿಯಾ ಕುಲ ಸೇರಿತು, 2020ರಲ್ಲಿ ನಿಯೋಪೈರೋಪಿಯಾ.

ಆದರೆ ಹೆಸರು ನಿಂತಿರುವುದು ವಂಶವೃಕ್ಷದ ಮೇಲಲ್ಲ, ಆ ಹೆಸರಿಗೆ ಆಧಾರವಾಗಿಟ್ಟ ಟೈಪ್ ಮಾದರಿಯ ಮೇಲೆ. ನೀವು ಹೊಸದೆಂದುಕೊಂಡ ಪ್ರಭೇದಕ್ಕೆ ನೂರೈವತ್ತು ವರ್ಷ ಹಿಂದೆಯೇ ಯಾರೋ ಹೆಸರಿಟ್ಟು, ಆ ಹಾಳೆ ಯಾವುದೋ ಕಪಾಟಿನಲ್ಲಿರಬಹುದು. ಹರ್ಬೇರಿಯಂನ ಮೇಲ್ವಿಚಾರಕರ ಅನುಮತಿ ಪಡೆದು ಅಕ್ಕಿಕಾಳಿಗಿಂತ ಚಿಕ್ಕ ಚೂರು ಕೇಳಿ. ಹಳೆಯ ಡಿಎನ್‌ಎ ತುಂಡುತುಂಡಾಗಿರುತ್ತದೆ. ಇನ್ನೂರು ಬೇಸ್ ಸಿಕ್ಕರೂ ಹೋಲಿಕೆಗೆ ಆದೀತು. ತಾಜಾ ಕೆಂಪು ಪಾಚಿಯ ಡಿಎನ್‌ಎ ಸುಳಿಯದ ಬೇರೆ ಕೋಣೆಯಲ್ಲೇ ಈ ಕೆಲಸ ಮಾಡಿ. ಟೈಪ್ ಮಾದರಿಯ ಚೂರು ಸಿಗದಿದ್ದರೆ, ಅದನ್ನು ಸಂಗ್ರಹಿಸಿದ ಜಾಗದಿಂದಲೇ ಹೊಸ ಮಾದರಿ ತನ್ನಿ.

ಇಷ್ಟಾದ ಮೇಲೆ ಮತ್ತೆ ಸೂಕ್ಷ್ಮದರ್ಶಕಕ್ಕೆ ಹೋಗಿ. ಯಾವ ಮಾದರಿ ಯಾವ ಗುಂಪಿಗೆ ಸೇರಿದ್ದೆಂದು ತಿಳಿದಿರುವಾಗ, ಫಲೀಕರಣದ ನಂತರ ಹೆಣ್ಣು ಅಂಗದಲ್ಲಾಗುವ ಬದಲಾವಣೆಗಳಲ್ಲಿ ಮೊದಲು ಕಾಣದ ವ್ಯತ್ಯಾಸ ಕಾಣಬಹುದು. ಅದನ್ನು ಬರೆದಿಟ್ಟು, ಅನುಕ್ರಮಗಳನ್ನು ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕ್‌ಗೆ ಸೇರಿಸಿ. ಹರ್ಬೇರಿಯಂ ಹಾಳೆಯ ಹಳೆಯ ಚೀಟಿಯನ್ನು ಮಾತ್ರ ಕೀಳಬೇಡಿ. ಹೊಸ ಹೆಸರು, ದಿನಾಂಕ, ನಿಮ್ಮ ಸಹಿ ಇರುವ ಚೀಟಿಯನ್ನು ಅದರ ಪಕ್ಕದಲ್ಲೇ ಅಂಟಿಸಿ.