ಜಗಲಿಯ ತೂಗುಮಣೆ: ಆಯ್ಕೆ ಮತ್ತು ಆರೈಕೆ

ತೂಗುಮಣೆ ಕೊಳ್ಳಲು ಹೊರಟವರು ಮೊದಲು ಹಲಗೆಯ ನುಣುಪನ್ನೂ ಸರಪಳಿಯಲ್ಲಿ ಎರಕ ಹೊಯ್ದ ನವಿಲು, ಆನೆಗಳನ್ನೂ ನೋಡುತ್ತಾರೆ. ಅದನ್ನು ತೂಗುಹಾಕುವ ಕೊಕ್ಕೆಯ ನೆನಪಾಗುವುದು ಸಾಮಾನು ಮನೆಗೆ ಬಂದಿಳಿದ ಮೇಲೆ. ನನ್ನ ಮಟ್ಟಿಗೆ ಈ ಕ್ರಮ ತಿರುಗಬೇಕು. ಮೊದಲು ಚಾವಣಿ, ಆಮೇಲೆ ಕೊಕ್ಕೆ, ಅನಂತರ ಸರಪಳಿ, ಕಡೆಗೆ ಹಲಗೆ.

ತಲಾ 60 ಕಿಲೋ ತೂಕದ ಮೂವರು ಕೂತರೆ 180 ಕಿಲೋ ಆಗುತ್ತದೆ. ಹಲಗೆ, ಸರಪಳಿಗಳದ್ದು ಇನ್ನೊಂದು 40 ಎಂದುಕೊಂಡರೆ ಒಟ್ಟು 220. ಆದರೆ ಮಕ್ಕಳು ಜೋರಾಗಿ ಜೀಕಿ, ಸರಪಳಿ 45 ಡಿಗ್ರಿಯಷ್ಟು ವಾಲಿ, ಹಲಗೆ ಮರಳಿ ನಡುವಿಗೆ ಇಳಿಯುವ ಗಳಿಗೆಯಲ್ಲಿ ಕೊಕ್ಕೆಗಳ ಮೇಲಿನ ಎಳೆತ ಇದರ ಸುಮಾರು 1.6 ಪಟ್ಟಾಗಿ 350 ಕಿಲೋ ಮುಟ್ಟುತ್ತದೆ. ಫ್ಯಾನಿನ ಕೊಕ್ಕೆಗೆ ತೂಗುಮಣೆ ಕಟ್ಟುವ ಯೋಚನೆಯನ್ನು ಬಿಟ್ಟೇಬಿಡಬೇಕು ಎನ್ನುವುದು ಇದಕ್ಕಾಗಿಯೇ.

ಮನೆ ಇನ್ನೂ ಕಟ್ಟುತ್ತಿದ್ದರೆ ಕೆಲಸ ಸುಲಭ. ತಾರಸಿಗೆ ಕಾಂಕ್ರೀಟ್ ಹಾಕುವ ಮುನ್ನವೇ ಕೊಕ್ಕೆಯ ಕಾಲುಗಳನ್ನು ಕಬ್ಬಿಣದ ಕಂಬಿಗಳ ಮೇಲಿನಿಂದ ಹಾಯಿಸಿ, ಬಾಗಿಸಿ, ತಂತಿಯಿಂದ ಬಿಗಿಸಬೇಕು. ಕಟ್ಟಿ ಮುಗಿದ ಮನೆಯಲ್ಲಾದರೆ, ಕಂಬಿಗೆ ಏಟಾಗದ ಜಾಗವನ್ನು ಎಂಜಿನಿಯರ್ ಒಬ್ಬರಿಂದ ಗುರುತು ಹಾಕಿಸಿಕೊಂಡು, ಕೊರೆದ ತೂತಿನಲ್ಲಿ ಬೋಲ್ಟನ್ನು ಅಂಟಿನಿಂದ ಹಿಡಿಸುವ ಕೆಮಿಕಲ್ ಆ್ಯಂಕರ್ ಕೂರಿಸುವುದು ಲೇಸು. ಹೆಂಚಿನ ಮನೆಯ ಮರದ ತೊಲೆಗೆ ತಿರುಪಿನ ಕೊಕ್ಕೆ ಸಾಲದು. ತೊಲೆಯನ್ನು ಪೂರ್ತಿ ತೂರಿ ಹೋಗುವ ಬೋಲ್ಟ್ ಹಾಕಿ, ಮೇಲ್ಗಡೆ ಅಗಲವಾದ ಲೋಹದ ತಟ್ಟೆಯಿಟ್ಟು ನಟ್ ಬಿಗಿಯಬೇಕು.

ಕೊಕ್ಕೆ ಎರಡೋ ನಾಲ್ಕೋ ಎಂಬುದು ಕೂರುವ ಸುಖವನ್ನೇ ಬದಲಿಸುತ್ತದೆ. ಮುಂದಿನ ಮತ್ತು ಹಿಂದಿನ ಸರಪಳಿಗಳೆರಡೂ ಒಂದೇ ಕೊಕ್ಕೆಗೆ ಸೇರಿದರೆ, ತೂಗಿದಂತೆಲ್ಲ ಹಲಗೆಯೂ ವಾಲುತ್ತದೆ. ಹಲಗೆಯ ನಾಲ್ಕು ಮೂಲೆಗಳ ನೇರಕ್ಕೆ ನಾಲ್ಕು ಕೊಕ್ಕೆ ಹಾಕಿ ಸಮ ಉದ್ದದ ಸರಪಳಿ ಇಳಿಬಿಟ್ಟರೆ ಹಲಗೆ ಹಿಂದೆ ಮುಂದೆ ಎಷ್ಟೇ ಹೋದರೂ ಮಟ್ಟಸವಾಗಿಯೇ ಇರುತ್ತದೆ. ನಾನು ಯಾವಾಗಲೂ ನಾಲ್ಕನ್ನೇ ಹೇಳುತ್ತೇನೆ. ಹಲಗೆ ನೆಲದಿಂದ 16ರಿಂದ 18 ಇಂಚು ಎತ್ತರದಲ್ಲಿರಲಿ, ಮುಂದೆಯೂ ಹಿಂದೆಯೂ ಕನಿಷ್ಠ 3 ಅಡಿ ತೆರವಿರಲಿ. ಇಬ್ಬರಿಗೆ 4 ಅಡಿ ಉದ್ದ ಸಾಕು. ಮಧ್ಯಾಹ್ನ ಊಟವಾದ ಮೇಲೆ ಒರಗುವ ಆಸೆಯಿದ್ದರೆ 6 ಅಡಿ ಬೇಕು.

ಗ್ಲೈಡರ್, ಅಂದರೆ ಚೌಕಟ್ಟಿನೊಳಗೇ ಹಿಂದೆ ಮುಂದೆ ತೂಗುವ ಆಸನ, ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ. ನಾಲ್ಕು ಸರಪಳಿಯ ಬದಲು ನಾಲ್ಕು ಗಿಡ್ಡ ಲೋಹದ ಪಟ್ಟಿಗಳು, ಚಾವಣಿಯ ಬದಲು ನೆಲದ ಮೇಲೆ ನಿಲ್ಲುವ ಚೌಕಟ್ಟು. ಬಾಡಿಗೆ ಮನೆಗೂ ಇಕ್ಕಟ್ಟಾದ ಬಾಲ್ಕನಿಗೂ ಅದು ಸರಿಯಾದ ಆಯ್ಕೆ. ಏಳುವಾಗ ಆಸನ ಕಾಲ ಕೆಳಗಿಂದ ಜಾರಿ ದೂರ ಹೋಗದ ಕಾರಣ ಮಂಡಿನೋವಿನ ಹಿರಿಯರಿಗೂ ಹಿತ. ಕೊಳ್ಳುವಾಗ ಪಟ್ಟಿಗಳ ಕೀಲಿನಲ್ಲಿ ಬೇರಿಂಗ್ ಇದೆಯೇ ಎಂದು ಕೇಳಿ, ಮಕ್ಕಳ ಬೆರಳು ಅಲ್ಲಿ ಸಿಕ್ಕಿಕೊಳ್ಳದಂತೆ ಮರೆ ಇದೆಯೇ ಎಂದೂ ನೋಡಿ.

ಮರದ ವಿಚಾರದಲ್ಲಿ ತೇಗವೇ ಮೇಲು. ಅದರೊಳಗಿನ ಸಹಜ ಎಣ್ಣೆಯ ಅಂಶ ಗೆದ್ದಲನ್ನೂ ತೇವವನ್ನೂ ತಡೆಯುತ್ತದೆ. ಚೆನ್ನಾಗಿ ಒಣಗಿದ ಹಲಸಿನ ಹಲಗೆಯೂ ಒಳ್ಳೆಯದೇ. ಕರಾವಳಿಯವರು ಮರಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಸರಪಳಿಯ ಬಗ್ಗೆ. ಉಪ್ಪುಗಾಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಕಂದು ಕಲೆ ಹಿಡಿಯುವುದುಂಟು. ಮಾಲಿಬ್ಡಿನಂ ಬೆರೆತ 316 ದರ್ಜೆ ಅಲ್ಲಿ ಹೆಚ್ಚು ಬಾಳುತ್ತದೆ.

ಆರೈಕೆಯಲ್ಲಿ ಜನ ತಪ್ಪುವುದು ಕೊಕ್ಕೆಯ ಬಳಿಯೇ. ಒಮ್ಮೆ ದೀಪಾವಳಿಗೆ ಜಗಲಿ ತೊಳೆಯುವಾಗ ನಮ್ಮ ಮನೆಯ ಸರಪಳಿಯನ್ನು ಕಳಚಿ ನೋಡಿದೆ. ಮೊದಲ ಕೊಂಡಿ ಕೂರುವ ಜಾಗದಲ್ಲಿ, ಕೊಕ್ಕೆಯ ಒಳಬಾಗಿನಲ್ಲಿ, ಬೆರಳ ತುದಿ ಹುದುಗುವಷ್ಟು ನುಣ್ಣನೆಯ ತೋಡು ಬಿದ್ದಿತ್ತು. ಕೆಳಗೆ ನಿಂತು ನೋಡುವವರಿಗೆ ಅದು ಕಾಣುವಂತೆಯೇ ಇರಲಿಲ್ಲ. ಕಿರಗುಟ್ಟುವ ಸದ್ದು ಅಲ್ಲಿ ಲೋಹ ಲೋಹವನ್ನು ತಿನ್ನುತ್ತಿರುವುದರ ಸುಳಿವು. ಮೂರು ತಿಂಗಳಿಗೊಮ್ಮೆ ಏಣಿ ಹಾಕಿ ಹತ್ತಿ, ಕೊಂಡಿಯನ್ನು ಎತ್ತಿ ಒರೆಸಿ, ತುಸು ಗ್ರೀಸ್ ಸವರಬೇಕು. ಕೊಬ್ಬರಿ ಎಣ್ಣೆ ಬೇಡ, ಅದು ಧೂಳು ಹಿಡಿದು ಜಿಡ್ಡುಗಟ್ಟುತ್ತದೆ. ಕೊಕ್ಕೆಯ ದಪ್ಪದಲ್ಲಿ ಹತ್ತರಲ್ಲೊಂದು ಪಾಲು ಸವೆದಿದ್ದರೆ ಬದಲಾಯಿಸಿಬಿಡಿ.

ಹಿತ್ತಾಳೆ ಸರಪಳಿಗೆ ಹುಣಸೆಹಣ್ಣು, ಉಪ್ಪಿನ ಹಳೆಯ ಉಪಾಯವೇ ಸಾಕು, ಆದರೆ ಹುಳಿಯ ಅಂಶ ಉಳಿದರೆ ಮತ್ತೆ ಹಸಿರು ಕಿಲುಬು ಕಟ್ಟುತ್ತದೆ. ಚೆನ್ನಾಗಿ ತೊಳೆದು ಬಟ್ಟೆಯಿಂದ ಕೊಂಡಿಕೊಂಡಿಯನ್ನೂ ಒಣಗಿಸಬೇಕು. ಮಳೆಗಾಲಕ್ಕೆ ಮೊದಲು, ಮೇ ತಿಂಗಳ ಬಿಸಿಲಿರುವಾಗಲೇ, ಹಲಗೆಯನ್ನು ಸಣ್ಣ ಉಪ್ಪುಕಾಗದದಿಂದ ಉಜ್ಜಿ ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಸಲ ಹಚ್ಚಿ. ಸರಪಳಿ ಹಾಯುವ ತೂತುಗಳ ಒಳಗೋಡೆಗೂ ತಾಗಿಸಿ, ಏಕೆಂದರೆ ನೀರು ಮೊದಲು ಇಳಿಯುವುದು ಅಲ್ಲೇ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು: ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗಲಾರದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಬಯಲಲ್ಲಿ ಹರಡಿ ಒಣಗಿಸಿ. ಇರಚಲು ನೇರವಾಗಿ ಹೊಡೆಯುವ ಜಗಲಿಯಾದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಹಲಗೆಯನ್ನು ಕಳಚಿ, ಗೋಡೆಗೆ ಅಂಟದಂತೆ ಎರಡು ಮರದ ರೀಪರು ಪಟ್ಟಿಗಳ ಮೇಲೆ ಒಳಗೆ ನಿಲ್ಲಿಸಿಡಿ.