ಸ್ಲೀವ್ ಆಪರೇಷನ್ ಆಗಿ ನಾಲ್ಕು ವರ್ಷ: ತಿಂದಿದ್ದು, ನಡೆದಿದ್ದು, ಎತ್ತಿದ್ದು

"ಆಪರೇಷನ್ ಮಾಡಿಸಿಕೊಂಡಿದ್ದೀಯಲ್ಲ, ಇನ್ನೂ ಯಾಕೆ ಬೆಳ್ಳಂಬೆಳಿಗ್ಗೆ ಎದ್ದು ಓಡಾಡ್ತೀಯ?" ನಮ್ಮ ಚಿಕ್ಕಮ್ಮ ಪ್ರತಿ ಹಬ್ಬಕ್ಕೂ ಇದನ್ನು ಕೇಳುತ್ತಾರೆ. ಪಾಪ, ಪ್ರೀತಿಯಿಂದಲೇ ಕೇಳುವುದು. ಅವರು ಹೇಳುವುದು ತೂಕ ಇಳಿಸಲು ನಾನು ಮಾಡಿಸಿಕೊಂಡ ಹೊಟ್ಟೆಯ ಆಪರೇಷನ್. ಆಪರೇಷನ್‌ಗೆ ಮುಂಚೆ ನಾನೂ ಹಾಗೇ ಅಂದುಕೊಂಡಿದ್ದೆ. ಹೊಟ್ಟೆ ಚಿಕ್ಕದಾದರೆ ಮಿಕ್ಕಿದ್ದು ತಾನಾಗೇ ಆಗುತ್ತೆ ಅಂತ. ತೂಕ ತಾನಾಗೇ ಇಳಿಯಿತು, ಅದು ನಿಜ. ಆದರೆ ಇಳಿದ ತೂಕದಲ್ಲಿ ಕೊಬ್ಬು ಎಷ್ಟು, ಮಾಂಸಖಂಡ ಎಷ್ಟು ಅನ್ನೋದನ್ನು ಆಪರೇಷನ್ ನೋಡಿಕೊಳ್ಳಲಿಲ್ಲ. ಅದನ್ನು ನಾನೇ ನೋಡಿಕೊಳ್ಳಬೇಕಿತ್ತು. ನನಗೆ ಗೊತ್ತಾಗಿದ್ದು ತಡವಾಗಿ. ನಿಮಗೆ ಮೊದಲೇ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್. 2021ರ ಫೆಬ್ರವರಿಯಲ್ಲಿ ಸ್ಲೀವ್ ಆಪರೇಷನ್ ಆಯಿತು. ಆಗ ವಯಸ್ಸು 41, ಎತ್ತರ 158 ಸೆಂಟಿಮೀಟರ್, ತೂಕ 112 ಕೆಜಿ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ, ಸುಮಾರು 45. ಸಕ್ಕರೆ ಕಾಯಿಲೆ ಬಂದು ಆರು ವರ್ಷ ಆಗಿತ್ತು, ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು, ಎರಡೂ ಮಂಡಿ ನೋವು. ಸ್ಲೀವ್ ಅಂದರೆ ಜಠರದ ಮುಕ್ಕಾಲು ಭಾಗ, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿಯೇ, ಕತ್ತರಿಸಿ ತೆಗೆದು ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆ ಮಾಡಿ ಬಿಡುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ಆ ತೆಗೆದುಹಾಕಿದ ಭಾಗದಲ್ಲೇ. ಹಾಗಾಗಿ ಮೊದಲ ಕೆಲವು ತಿಂಗಳು ನನಗೆ ಹಸಿವು ಅಂದರೆ ಏನು ಅನ್ನೋದೇ ಮರೆತುಹೋಗಿತ್ತು. ಆಗ ಅದೊಂದು ವರ ಅನ್ನಿಸಿತು.

ಬೆಳಿಗ್ಗೆ ಆಪರೇಷನ್ ಆಗಿದ್ದು, ಸಂಜೆಗೇ ನರ್ಸ್ ಬಂದು ಎಬ್ಬಿಸಿದರು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಾರದು, ಅದಕ್ಕೆ ನಡೆಯಲೇಬೇಕು. ಡ್ರಿಪ್ ಸ್ಟ್ಯಾಂಡ್ ಹಿಡಿದುಕೊಂಡು ಕಾರಿಡಾರ್‌ನ ಕಿಟಕಿವರೆಗೆ ಹೋಗಿ ಬಂದೆ. ನನ್ನ ವ್ಯಾಯಾಮ ಶುರುವಾಗಿದ್ದು ಅಲ್ಲಿಂದ. ಜೊತೆಗೆ ಉಸಿರಿನ ವ್ಯಾಯಾಮಕ್ಕೆ ಮೂರು ಚೆಂಡು ಇರುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು, ಕೊಳವೆ ಬಾಯಿಗಿಟ್ಟು ಉಸಿರು ಎಳೆದರೆ ಚೆಂಡು ಮೇಲೇಳಬೇಕು. ಮೊದಲ ದಿನ ಒಂದೇ ಚೆಂಡು ಎದ್ದಿದ್ದು. ಮನೆಗೆ ಬರುವ ಹೊತ್ತಿಗೆ ಎರಡು. ಮೂರನೆಯದು ಎದ್ದ ದಿನ ಮಗಳನ್ನು ಕೂಗಿ ಕರೆದು ತೋರಿಸಿದೆ.

ಊಟದ್ದು ಬೇರೆಯೇ ಪಾಠ. ಕೆಮ್ಮಿನ ಸಿರಪ್ ಮುಚ್ಚಳ ಇರುತ್ತಲ್ಲ, ಅಂಥದ್ದೇ ಒಂದು 30 ಎಂಎಲ್ ಲೋಟದಲ್ಲಿ ಕಾಲು ಗಂಟೆಗೊಮ್ಮೆ ಗುಟುಕರಿಸಬೇಕು. ಎಳನೀರು, ಬೇಳೆ ಕಟ್ಟಿನ ತಿಳಿ, ನೀರು ಮಜ್ಜಿಗೆ. ಎರಡು ವಾರ ಆದ ಮೇಲೆ ಗಂಜಿಯಂಥದ್ದು, ಆಮೇಲೆ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದ ಹೆಸರುಬೇಳೆ, ಆಮೇಲೆ ಮೆತ್ತಗಿನ ಇಡ್ಲಿ, ಮೊಟ್ಟೆ, ಪನೀರ್. ಮಾಮೂಲಿ ಊಟಕ್ಕೆ ಬರಲು ಎರಡು ತಿಂಗಳಾಯಿತು. ಊಟದ ಜೊತೆ ನೀರು ಕುಡಿಯುವ ಹಾಗಿಲ್ಲ, ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡಿಯಬೇಕು.

ನಾವು ಮಂಡ್ಯದ ಕಡೆಯವರು, ಮುದ್ದೆಯಿಲ್ಲದೆ ಊಟ ಊಟವೇ ಅಲ್ಲ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುವುದೇ ಅಭ್ಯಾಸ. ಆದರೆ ಆಪರೇಷನ್ ಆದವರು ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು. ಮೂರನೇ ತಿಂಗಳಲ್ಲಿ ಅಮ್ಮ ಬಸ್ಸಾರು ಮಾಡಿದ್ದರು. ಆ ವಾಸನೆಗೆ ತಡೆಯಲಾಗದೆ ನೆಲ್ಲಿಕಾಯಿ ಗಾತ್ರದ ಒಂದೇ ಒಂದು ತುತ್ತು ಹಳೇ ಅಭ್ಯಾಸದಲ್ಲಿ ನುಂಗಿಬಿಟ್ಟೆ. ಎದೆಯ ನಡುವೆ ಕಲ್ಲು ಇಟ್ಟ ಹಾಗೆ ನಿಂತಿತು. ಬಾಯಿ ತುಂಬ ನೊರೆ ನೊರೆ ಜೊಲ್ಲು, ಉಗುಳಿದಷ್ಟೂ ಬರುತ್ತಿತ್ತು, ಅರ್ಧ ಗಂಟೆ ಹಿತ್ತಲಲ್ಲಿ ಬಗ್ಗಿಕೊಂಡು ನಿಂತಿದ್ದೆ. ಅಮ್ಮ ಬೆನ್ನು ಸವರುತ್ತಾ ಅಳುತ್ತಿದ್ದರು. ಅವತ್ತಿನಿಂದ ನನಗೆ ಮುದ್ದೆ ಇಲ್ಲ, ರಾಗಿ ಮಾತ್ರ ಇದೆ. ತೆಳ್ಳಗಿನ ಅಂಬಲಿ, ಇಲ್ಲಾ ಚೆನ್ನಾಗಿ ಅಗಿದು ತಿನ್ನುವ ಅರ್ಧ ರಾಗಿ ರೊಟ್ಟಿ.

ನಡಿಗೆಯನ್ನು ಮಾತ್ರ ಬಿಡಲಿಲ್ಲ. ಮೊದಲ ಎರಡು ವಾರ ಮನೆಯೊಳಗೇ, ಹತ್ತು ನಿಮಿಷದ ಹಾಗೆ ದಿನಕ್ಕೆ ಐದು ಸಲ. ಆಮೇಲೆ ಬೀದಿ. ಆರನೇ ವಾರಕ್ಕೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಅರ್ಧ ಗಂಟೆ. ಆಗ ತೂಕ 99. ಆರು ವಾರ ಭಾರ ಎತ್ತಬೇಡಿ ಅಂದಿದ್ದರು, ಬಿಂದಿಗೆ ಮುಟ್ಟಲಿಲ್ಲ, ಪುಸ್ತಕದ ಬ್ಯಾಗನ್ನೂ ಮಗಳೇ ಹಿಡಿಯುತ್ತಿದ್ದಳು. ನಡಿಗೆಯಲ್ಲಿ ನನಗೆ ಕಷ್ಟ ಆಗಿದ್ದು ಮಂಡಿಯಲ್ಲ, ಬಾಯಾರಿಕೆ. ಏಪ್ರಿಲ್ ಬಿಸಿಲು, ಬೆವರು, ಮನೆಗೆ ಬಂದು ಗಟಗಟ ಕುಡಿಯೋಣ ಅಂದರೆ ಆಗುವುದಿಲ್ಲ, ಎರಡು ಗುಟುಕಿಗೇ ಹೊಟ್ಟೆ ತುಂಬಿ ನೋವು ಬರುತ್ತೆ. ಅದಕ್ಕೆ ನಡೆಯುವ ಮುಂಚೆ ಒಂದು ಗಂಟೆಯಿಂದಲೇ ಗುಟುಕರಿಸುತ್ತಾ ಬರಬೇಕು, ಕೈಯಲ್ಲಿ ಬಾಟಲಿ ಇರಬೇಕು, ಪ್ರತಿ ಐದು ನಿಮಿಷಕ್ಕೆ ಒಂದು ಗುಟುಕು. ದಿನಕ್ಕೆ ಒಂದೂವರೆ ಲೀಟರ್ ಮುಟ್ಟಿಸುವುದೇ ಒಂದು ಕೆಲಸ. ಬಾಟಲಿ ಮೇಲೆ ಪೆನ್ನಿನಲ್ಲಿ ಗಂಟೆ ಗಂಟೆಗೆ ಗೆರೆ ಎಳೆದಿದ್ದೆ, ಸ್ಟಾಫ್ ರೂಮಲ್ಲಿ ಎಲ್ಲರಿಗೂ ಅದು ಪರಿಚಯ.

ಐದನೇ ತಿಂಗಳಿಗೆ 87 ಕೆಜಿ. ಸಕ್ಕರೆ ಮಾತ್ರೆಗಳನ್ನು ಡಾಕ್ಟರ್ ಒಂದೊಂದಾಗಿ ಕಡಿಮೆ ಮಾಡಿದ್ದರು, ರಾತ್ರಿ ಉಸಿರು ಕಟ್ಟುವುದು ನಿಂತಿತ್ತು, ನೋಡಿದವರೆಲ್ಲ ಹೊಗಳುತ್ತಿದ್ದರು. ಅದೇ ತಿಂಗಳು ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಅರ್ಧ ಬಕೆಟ್ ನೀರು ಎತ್ತಲು ಹೋಗಿ ಕೈ ನಡುಗಿ ಕೈಬಿಟ್ಟೆ. 112 ಕೆಜಿ ಇದ್ದಾಗ ಅದೇ ಬಕೆಟ್ ತುಂಬ ನೀರನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದೆ. ಬೋರ್ಡ್ ಮೇಲೆ ಬರೆಯುತ್ತಾ ಇದ್ದರೆ ತೋಳು ಸೋಲುತ್ತಿತ್ತು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಆಗ ಸೇರಿದ್ದ ಒಂದು ಜಿಮ್‌ನಲ್ಲಿ ಟ್ರೈನರ್ ಬರಿಹೊಟ್ಟೆಯಲ್ಲಿ ಒಂದು ಗಂಟೆ ಟ್ರೆಡ್‌ಮಿಲ್ ಮಾಡಿ, ಇನ್ನೂ ಬೇಗ ಇಳಿಯುತ್ತೆ ಅಂದಿದ್ದರು. ನಾನೂ ನಂಬಿ ಮಾಡಿದೆ. ಹತ್ತನೇ ದಿನ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ.

ಡಯಟಿಷಿಯನ್ ಮೂರು ದಿನ ತಿಂದಿದ್ದೆಲ್ಲ ಬರೆದು ತರಲು ಹೇಳಿದರು. ಲೆಕ್ಕ ಹಾಕಿದರೆ ದಿನಕ್ಕೆ ಪ್ರೋಟೀನ್ 30 ಗ್ರಾಂ ದಾಟುತ್ತಿರಲಿಲ್ಲ. ಬೇಕಿದ್ದದ್ದು ಕಡೇಪಕ್ಷ 60, ನನಗೆ 70 ಇರಲಿ ಅಂದರು. ಹಸಿವಿಲ್ಲ ಅಂತ ನಾನು ಊಟ ಬಿಡುತ್ತಿದ್ದೆ, ಅದನ್ನೇ ಸಾಧನೆ ಅಂದುಕೊಂಡಿದ್ದೆ. ಮೈ ಏನು ಮಾಡುತ್ತೆ? ಒಳಗೆ ಬರುವುದು ಸಾಲದಾದಾಗ ಕೊಬ್ಬಿನ ಜೊತೆ ಮಾಂಸಖಂಡವನ್ನೂ ಕರಗಿಸಿಕೊಂಡು ತಿನ್ನುತ್ತೆ. ಬರೀ ನಡಿಗೆಯಿಂದ ಅದು ನಿಲ್ಲುವುದಿಲ್ಲ. ಈ ಖಂಡ ಬೇಕು ಅಂತ ಮೈಗೆ ಗೊತ್ತಾಗಬೇಕಾದರೆ ಅದಕ್ಕೆ ಭಾರ ಕೊಡಬೇಕು. ಕೂದಲು ಉದುರುವುದು ಮಾತ್ರ ಈ ಥರ ದಿಢೀರ್ ತೂಕ ಇಳಿದವರಲ್ಲಿ ಮೂರರಿಂದ ಆರು ತಿಂಗಳ ನಡುವೆ ಸಾಮಾನ್ಯ, ತಿರುಗಿ ಬರುತ್ತೆ, ಹೆದರಬೇಡಿ ಅಂದರು. ಬಂತು ಕೂಡ, ವರ್ಷದ ಹತ್ತಿರ ಹಣೆ ಮೇಲೆ ಸಣ್ಣ ಸಣ್ಣ ಕೂದಲು.

ಅಲ್ಲಿಂದ ನಾನು ಕ್ರಮ ಬದಲಾಯಿಸಿದೆ. ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಬೆಳಿಗ್ಗೆ ಎರಡು ಮೊಟ್ಟೆ, ಅದು 12 ಗ್ರಾಂ. ಮಧ್ಯಾಹ್ನ ಹುರಳಿಕಾಳು ಇಲ್ಲಾ ಹೆಸರುಕಾಳಿನ ಗಟ್ಟಿ ಪಲ್ಯ, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರು. ಸಂಜೆ 50 ಗ್ರಾಂ ಪನೀರ್. ಕಡಿಮೆ ಬಿದ್ದಿದ್ದಕ್ಕೆ ಹಾಲಿನಲ್ಲಿ ಒಂದು ಚಮಚೆ ವೇ ಪೌಡರ್, ಅಂದರೆ ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ. ಡಬ್ಬದಲ್ಲೇ ಬರುವ ದೊಡ್ಡ ಚಮಚೆ, ಅದರಲ್ಲಿ ಸುಮಾರು 24 ಗ್ರಾಂ ಪ್ರೋಟೀನ್. ಭಾನುವಾರ ಮೀನು. ಸಾರಿನ ತಿಳಿ ಬೇಳೆಯಿಂದಲೇ ಬಂದದ್ದಲ್ವಾ ಅಂತ ನಾನು ಅಲ್ಲಿವರೆಗೆ ಅಂದುಕೊಂಡಿದ್ದೆ. ತಿಳಿಯಲ್ಲಿ ಪ್ರೋಟೀನ್ ಹೆಚ್ಚೇನೂ ಇಲ್ಲ, ಕಾಳು ತಿನ್ನಬೇಕು.

ಭಾರದ ವ್ಯಾಯಾಮ ಶುರು ಮಾಡಿದ್ದು ಊಟದ ಕುರ್ಚಿಯಿಂದ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದು ಇಷ್ಟೇ. ಕೈ ಎದೆ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಏಳಬೇಕು, ಕೂರಬೇಕು. ಕೂರುವಾಗ ದೊಪ್ಪೆಂದು ಬೀಳಬಾರದು, ಮನಸ್ಸಿನಲ್ಲೇ ಮೂರು ಎಣಿಸುತ್ತಾ ಇಳಿಯಬೇಕು. ಮೊದಲ ದಿನ ಆರು ಆಯಿತು, ಏಳನೆಯದಕ್ಕೆ ತೊಡೆ ಗಡಗಡ. ಹೀಗೇ ಗೋಡೆಗೆ ಕೈ ಕೊಟ್ಟು ತಳ್ಳುವುದು, ಕಿಟಕಿ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಎದೆಯ ಕಡೆಗೆ ಎಳೆಯುವುದು, ಮೆಟ್ಟಿಲ ಅಂಚಲ್ಲಿ ಹಿಮ್ಮಡಿ ಎತ್ತುವುದು. ವಾರಕ್ಕೆ ಮೂರು ದಿನ, 25 ನಿಮಿಷ. ಎರಡು ತಿಂಗಳಿಗೆ ಕುರ್ಚಿ ಬಿಟ್ಟು ಗಿಡ್ಡ ಮಣೆ. ಕೈಯಲ್ಲಿ ಎರಡು ಲೀಟರ್ ಎಣ್ಣೆ ಕ್ಯಾನ್‌ಗಳಿಗೆ ನೀರು ತುಂಬಿ ಹಿಡಿಯುತ್ತಿದ್ದೆ. ಆಮೇಲೆ ಐದು ಕೆಜಿಯ ಡಂಬೆಲ್ ಜೋಡಿ ಕೊಂಡೆ. ಒಂದು ದಿನ ಅಕ್ಕಿ ಮೂಟೆ ಎಳೆದು ಪಕ್ಕಕ್ಕಿಟ್ಟು ಗುಡಿಸಿದೆ, ಗುಡಿಸಿ ಮುಗಿದ ಮೇಲೆ ನೆನಪಾಯಿತು, ಯಾರನ್ನೂ ಕರೆಯಲೇ ಇಲ್ಲವಲ್ಲ ಅಂತ.

ಯಾರೂ ಹೇಳದ ಒಂದು ವಿಷಯ ಹೇಳಲೇಬೇಕು, ಜೋಲುವ ಚರ್ಮ. ತೋಳು, ಹೊಟ್ಟೆ, ಒಳತೊಡೆ. ನಡೆದರೆ ಉಜ್ಜಿ ಉಜ್ಜಿ ಕೆಂಪಾಗಿ ಉರಿಯುತ್ತಿತ್ತು. ಚೂಡಿದಾರದ ಒಳಗೆ ಮಂಡಿವರೆಗಿನ ಬಿಗಿಯಾದ ಸೈಕ್ಲಿಂಗ್ ಚಡ್ಡಿ, ಉಜ್ಜುವ ಕಡೆ ವ್ಯಾಸಲೀನ್, ಬಂದ ಕೂಡಲೇ ಸ್ನಾನ ಮಾಡಿ ಮಡಿಕೆಗಳನ್ನು ಒಣಗಿಸಿಕೊಳ್ಳುವುದು. ಇಷ್ಟು ಮಾಡಿದ ಮೇಲೆ ಆರಾಮ. ವ್ಯಾಯಾಮದಿಂದ ಆ ಚರ್ಮ ಹೋಗುವುದಿಲ್ಲ, ಹಾಗಂತ ಯಾರಾದರೂ ಹೇಳಿದರೆ ನಂಬಬೇಡಿ. ನಾಚಿಕೆ ಪಟ್ಟುಕೊಂಡು ನಡಿಗೆ ಬಿಟ್ಟವರನ್ನು ನೋಡಿದ್ದೇನೆ, ಸಂಕಟ ಆಗುತ್ತೆ.

ಒಂದು ವರ್ಷಕ್ಕೆ 78 ಕೆಜಿ. ಹದಿನಾಲ್ಕನೇ ತಿಂಗಳಲ್ಲಿ ಚಾಮುಂಡಿ ಬೆಟ್ಟ ಹತ್ತಿದೆ. ಮೆಟ್ಟಿಲು ಸಾವಿರಕ್ಕೂ ಮೇಲಿವೆ, 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ್ ಕಾಲದಲ್ಲಿ ಕಟ್ಟಿದ್ದು. ಹುಟ್ಟಿದ ಮೇಲೆ ಒಂದೇ ಸಲ, ಹತ್ತನೇ ಕ್ಲಾಸಲ್ಲಿ, ಹತ್ತಿದ್ದೆ. ಈ ಸಲ ಬೆಳಿಗ್ಗೆ ಐದೂವರೆಗೆ ಬುಡದಲ್ಲಿ. ಒಬ್ಬ ಅಜ್ಜಿ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. ನಾನೂ ಅವರದೇ ವೇಗದಲ್ಲಿ, ಐವತ್ತು ಮೆಟ್ಟಿಲಿಗೊಂದು ಗುಟುಕು ನೀರು. ನಂದಿಯ ಹತ್ತಿರ ಬಂದಾಗ ಅಜ್ಜಿ ನನ್ನ ಹಣೆಗೂ ಕುಂಕುಮ ಹಚ್ಚಿ, "ಅಷ್ಟೇ ಇನ್ನ ಸ್ವಲ್ಪ" ಅಂದರು. ಮೇಲೆ ದೇವಸ್ಥಾನದ ಗೋಪುರ ಕಂಡಾಗ ಕಣ್ಣಲ್ಲಿ ನೀರು ಬಂತು. ಇಳಿಯುವಾಗ ಬಸ್ ಹತ್ತಿದೆ. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಜಾಸ್ತಿ ಹೊಡೆತ, ನೋವಿರುವವರು ಮೊದಲ ಸಲವೇ ನಡೆದು ಇಳಿಯಬೇಡಿ.

ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿ ಕಾಣುತ್ತೆ, ಆದರೆ ಪೂರ್ತಿ ಹೇಳಬೇಕು. ಮೂರನೇ ವರ್ಷ ಅಮ್ಮನಿಗೆ ಹುಷಾರು ತಪ್ಪಿತು. ನಾಲ್ಕು ತಿಂಗಳು ಆಸ್ಪತ್ರೆ, ಮನೆ, ಸ್ಕೂಲು. ವ್ಯಾಯಾಮ ನಿಂತಿತು. ಆಸ್ಪತ್ರೆ ಕ್ಯಾಂಟೀನ್‌ನಲ್ಲಿ ಕೂತು ಕಾಫಿಗೆ ಅದ್ದಿದ ಬಿಸ್ಕತ್ತು, ಪುಡಿ ಮಾಡಿಕೊಂಡು ಕೋಡುಬಳೆ, ಯಾರೋ ತಂದ ಮೈಸೂರು ಪಾಕು. ಕಾಳಿನ ಪಲ್ಯ ನಾಲ್ಕು ಚಮಚೆಗೆ ಸಾಕು ಅನ್ನಿಸುವ ಹೊಟ್ಟೆಗೆ ಇವೆಲ್ಲ ಜಾರಿಕೊಂಡು ಹೋಗುತ್ತವೆ, ಎಷ್ಟು ಬೇಕಾದರೂ. ಚಿಕ್ಕ ಹೊಟ್ಟೆ ಇವನ್ನು ತಡೆಯುವುದಿಲ್ಲ. 76ಕ್ಕೆ ಇಳಿದಿದ್ದದ್ದು 83 ಆಯಿತು. ತಕ್ಕಡಿಯನ್ನು ಮಂಚದ ಕೆಳಗೆ ತಳ್ಳಿಬಿಟ್ಟಿದ್ದೆ. ಡಾಕ್ಟರ್ ಹತ್ತಿರ ಹೋಗಲು ಮುಖವಿಲ್ಲ ಅನ್ನಿಸಿ ಎರಡು ತಿಂಗಳು ಮುಂದೂಡಿದೆ. ಹೋದಾಗ ಅವರು ಬೈಯಲಿಲ್ಲ. ಎರಡು ವರ್ಷದ ನಂತರ ಸ್ವಲ್ಪ ತೂಕ ಮರಳುವುದು ತುಂಬಾ ಜನಕ್ಕೆ ಆಗುತ್ತೆ, ನಮ್ಮ ಹತ್ತಿರ ಬೇಗ ಬಂದಷ್ಟೂ ಇಳಿಸುವುದು ಸುಲಭ ಅಂದರು.

ತಿರುಗಿ ಶುರು ಮಾಡಿದ್ದು ಮತ್ತೆ ಕುರ್ಚಿಯಿಂದಲೇ, ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕದ ಸ್ಟೂಲಿನ ಮೇಲೆ. ಅಮ್ಮ ಮಲಗಿದ್ದಲ್ಲೇ ಎಣಿಸುತ್ತಿದ್ದರು. ಹತ್ತಕ್ಕೆ ನಿಲ್ಲಿಸಿದರೆ, "ಇನ್ನೆರಡು" ಅನ್ನುವರು.

ಈಗ 79 ಕೆಜಿ. ಸೋಮವಾರ, ಬುಧವಾರ, ಶುಕ್ರವಾರ ಭಾರ. ಉಳಿದ ದಿನ ಕೆರೆ ಏರಿಯಲ್ಲಿ 40 ನಿಮಿಷ, ಮಾತಾಡಬಹುದು ಆದರೆ ಹಾಡಲು ಉಸಿರು ಸಾಲದು ಅನ್ನುವಷ್ಟು ಬಿರುಸಾಗಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ಮಧ್ಯಮ ಬಿರುಸಿನ ಚಟುವಟಿಕೆ, ಎರಡು ದಿನವಾದರೂ ಖಂಡಕ್ಕೆ ಭಾರ. ಭಾನುವಾರ ಮನಸ್ಸಾದರೆ ನಡಿಗೆ, ಇಲ್ಲದಿದ್ದರೆ ನಿದ್ದೆ. ಮಲ್ಟಿವಿಟಮಿನ್, ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12 ಇವು ಜೀವಮಾನಪೂರ್ತಿ. ಕಬ್ಬಿಣವನ್ನೂ ಕ್ಯಾಲ್ಸಿಯಂ ಅನ್ನೂ ಒಟ್ಟಿಗೆ ನುಂಗಬಾರದು, ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಸರಿಯಾಗಿ ಹತ್ತಗೊಡುವುದಿಲ್ಲ. ನನಗೆ ಕಬ್ಬಿಣ ಬೆಳಿಗ್ಗೆ, ಕ್ಯಾಲ್ಸಿಯಂ ಮಧ್ಯಾಹ್ನ ಮತ್ತು ರಾತ್ರಿ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ಸ್ಲೀವ್ ಬದಲು ಹೊಟ್ಟೆಯ ಬೈಪಾಸ್ ಆಪರೇಷನ್ ಆದವರಿಗೆ, ಬೇರೆ ಕಾಯಿಲೆ ಇರುವವರಿಗೆ ಲೆಕ್ಕ ಬೇರೆ ಇರುತ್ತೆ, ನಿಮ್ಮ ಡಾಕ್ಟರನ್ನು ಕೇಳಿಯೇ ಮಾಡಿ.

ಹೋದ ತಿಂಗಳು ಊರಲ್ಲಿ ಬೀಗರ ಊಟ. ನೆಲದ ಮೇಲೆ ಪಂಕ್ತಿ. ಮುಂಚೆ ಇಂಥ ಕಡೆ ನಾನು ಅಡುಗೆಮನೆಯಲ್ಲಿ ನಿಂತೇ ತಿಂದು ಮುಗಿಸುತ್ತಿದ್ದೆ, ಕೂತರೆ ಎದ್ದೇಳಲು ಇಬ್ಬರು ಕೈ ಕೊಡಬೇಕಿತ್ತು. ಈ ಸಲ ಚಿಕ್ಕಮ್ಮನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತೆ. ನಾಲ್ಕು ತುಂಡು ಮಾಂಸ, ಎರಡು ಚಮಚೆ ಕಾಳು ಗೊಜ್ಜು, ಚೆನ್ನಾಗಿ ಅಗಿದು. "ಇನ್ನೊಂಚೂರು ಹಾಕಿಸ್ಕೋ" ಅಂತ ಬಡಿಸುವವರು ಮೂರು ಸಲ ಬಂದರು, ಎಲೆ ಮೇಲೆ ಕೈ ಅಡ್ಡ ಇಟ್ಟೆ. ಊಟ ಆದ ಮೇಲೆ ನೆಲಕ್ಕೆ ಕೈ ಊರದೆ ಎದ್ದು ನಿಂತು, ಚಿಕ್ಕಮ್ಮನಿಗೆ ಕೈ ಕೊಟ್ಟೆ. ಅವರು ನನ್ನ ಮುಂಗೈ ಹಿಡಿದು, ಪೂರ್ತಿ ಭಾರ ಬಿಟ್ಟು ಎದ್ದರು.